ಪಟಪಟ ಓದುವ ಮಗುವಿಗೆ ಕಥೆ ತಿಳಿಯಿತೇ? ಓದಿನ ಗ್ರಹಿಕೆ ಬೆಳೆಸಲು ಕೆಲವು ಹೆಜ್ಜೆಗಳು

ಅಕ್ಷರ, ಕಾಗುಣಿತ, ಒತ್ತಕ್ಷರ ಕೈಗೆ ಹತ್ತಿದ ಮಗು ಕನ್ನಡದಲ್ಲಿ ತನಗೆ ಗೊತ್ತೇ ಇಲ್ಲದ ಪದವನ್ನೂ ಸರಿಯಾಗಿ ಉಚ್ಚರಿಸಬಲ್ಲದು. ಬರೆದಂತೆ ಓದಿದರೆ ಸಾಕು. ಈ ಅನುಕೂಲವೇ ದೊಡ್ಡವರ ಕಣ್ಣು ಕಟ್ಟುತ್ತದೆ. ನಾಲ್ಕನೇ ತರಗತಿಯ ಹುಡುಗಿ ಎಲ್ಲೂ ತಡವರಿಸದೆ ಒಂದು ಪುಟ ಓದಿ ಮುಗಿಸಿದರೆ ಅವ್ವ ಅಪ್ಪನಿಗೆ ಖುಷಿ, ಮಾಸ್ತರರಿಗೂ ಸಮಾಧಾನ. ಪುಸ್ತಕ ಮುಚ್ಚಿಸಿ "ಏನಾತವ್ವಾ ಕಥಿಯಾಗ?" ಎಂದು ಕೇಳಿ ನೋಡಿ. ಬಹಳ ಸಲ ಸಿಗುವುದು ಮೌನ, ಇಲ್ಲವೇ ಕೊನೆಯ ಸಾಲಿನ ಬಾಯಿಪಾಠ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ. ಮಗು ಮನೆಯಲ್ಲಿ ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ನಿಪ್ಪಾಣಿ, ಖಾನಾಪುರದ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿ, ವಿಜಯಪುರದ ಓಣಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಶಾಲೆಯ ಕನ್ನಡ ಇವರಿಗೆ ಎರಡನೆಯ ಭಾಷೆ. ಇಂಥ ಮಕ್ಕಳಿಗೆ ಪಾಠದ ಕೊನೆಯ ಪ್ರಶ್ನೋತ್ತರ ಬರೆಸಿದಷ್ಟಕ್ಕೂ ಬಾಯಿಪಾಠ ಗಟ್ಟಿಯಾಗುತ್ತದೆಯೇ ಹೊರತು ಗ್ರಹಿಕೆ ಅಲ್ಲೇ ಇರುತ್ತದೆ. ಅದು ಬೆಳೆಯುವುದು ಕಥೆಯ ಸುತ್ತ ನಡೆಯುವ ಮಾತಿನಲ್ಲಿ, ಅದೂ ಮಗುವಿನ ಮನೆಮಾತಿನಲ್ಲಿ ನಡೆದರೆ ಬೇಗ. ಎರಡನೆಯ ತರಗತಿಯಿಂದ ಏಳನೆಯವರೆಗಿನ ಮಕ್ಕಳ ತಂದೆತಾಯಿ, ಶಿಕ್ಷಕರು, ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕರು ಮಾಡಬಹುದಾದ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಪುಟ್ಟ ಕಥೆ ಕಟ್ಟಿಕೊಳ್ಳೋಣ. ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆಯೇ. ಆಯಿ ಎಂದರೆ ನಮ್ಮ ಕಡೆ ಅಜ್ಜಿ.

"ಮಲ್ಲವ್ವ ಆಯಿ ನಸುಕಿನಲ್ಲೇ ಎದ್ದಳು. ಬುಟ್ಟಿ ತುಂಬ ನಿಂಬೆಹಣ್ಣು ಹೊತ್ತು ಇಂಡಿಯ ಸಂತೆಗೆ ಹೊರಟಳು. ಬಸ್ಸು ಬಂತು. ಕಂಡಕ್ಟರ್ ಬುಟ್ಟಿ ನೋಡಿ, 'ಆಯಿ, ನಿನಗ ರೊಕ್ಕ ಇಲ್ಲ, ಬುಟ್ಟಿಗಿ ಟಿಕೆಟ್ ತಗೀಬೇಕು' ಅಂದ. ಆಯಿ ಸೆರಗಿನ ಗಂಟು ಬಿಚ್ಚಿದಳು. ಎಣಿಸಿದಳು. ಮತ್ತೆ ಗಂಟು ಹಾಕಿದಳು. 'ನಡಕೋಂತ ಹೋಗ್ತೀನಿ ತಗೋಪಾ, ಕಾಲು ಗಟ್ಟಿ ಅದಾವ' ಅಂದಳು. ಬಸ್ಸು ಹೋಯಿತು. ಹುಣಸೆಮರದ ತಿರುವಿನಲ್ಲಿ ನಿಂತಿತು. ಬಾಗಿಲು ತೆರೆಯಿತು. ಆ ದಿನ ಸಂಜೆ ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ ಕಂಡಕ್ಟರನ ಚೀಲದಿಂದ ಎರಡು ನಿಂಬೆಹಣ್ಣು ಉರುಳಿ ಬಿದ್ದವು."

ಮೊದಲ ಹೆಜ್ಜೆ: ತೊಡಕು ಎಲ್ಲಿದೆ ನೋಡಿ

"ನಮ್ಮ ಹುಡುಗಗ ಓದಿದ್ದು ತಿಳಿಯಂಗಿಲ್ಲ" ಎನ್ನುವ ದೂರಿನ ಹಿಂದೆ ಎರಡು ಬೇರೆ ಬೇರೆ ಸಮಸ್ಯೆಗಳಿರಬಹುದು. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಒಂದು ಗುಣಾಕಾರದಂತೆ ಹೇಳಿದರು. ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿನ ಗ್ರಹಿಕೆ. ಎರಡರಲ್ಲಿ ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆ.

ಪರೀಕ್ಷೆ ಸುಲಭ. ಒಂದೇ ಮಟ್ಟದ ಎರಡು ಚಿಕ್ಕ ಕಥೆ ತೆಗೆದುಕೊಳ್ಳಿ. ಒಂದನ್ನು ನೀವೇ ಓದಿ ಹೇಳಿ, ಇನ್ನೊಂದನ್ನು ಮಗುವೇ ಓದಲಿ. ಎರಡನ್ನೂ ತನ್ನ ಮಾತಿನಲ್ಲಿ ಹೇಳಲಿ. ಕೇಳಿದ ಕಥೆಯನ್ನು ಚೆನ್ನಾಗಿ ಹೇಳಿ, ತಾನೇ ಓದಿದ್ದರಲ್ಲಿ ಎಡವಿದರೆ ತೊಡಕಿರುವುದು ಅಕ್ಷರದಲ್ಲಿ. ಕನ್ನಡದಲ್ಲಿ ಮಗು ಗುರುತಿಸಬೇಕಾದ ಅಕ್ಷರರೂಪಗಳು ನೂರಾರು. ಕಾಗುಣಿತ, ಒತ್ತಕ್ಷರಗಳೆಲ್ಲ ಪಳಗಲು ನಾಲ್ಕನೇ ತರಗತಿವರೆಗೂ ಸಮಯ ಹಿಡಿಯಬಹುದು, ಅದರಲ್ಲಿ ಗಾಬರಿಪಡುವಂಥದ್ದಿಲ್ಲ. ಅಂಥ ಮಗುವಿಗೆ ಒಂದೇ ಕಥೆಯನ್ನು ಮೂರು ನಾಲ್ಕು ಸಲ ಓದಿಸಬೇಕು. ಅಕ್ಷರಕ್ಕೆ ತಿಣುಕುತ್ತಿರುವಾಗ ಅರ್ಥಕ್ಕೆ ಮನಸ್ಸು ಉಳಿಯುವುದಿಲ್ಲ. ಕೇಳಿದ ಕಥೆಯನ್ನೂ ಹೇಳಲಾಗದಿದ್ದರೆ ತೊಡಕು ಮಾತಿನದು, ಲೋಕಜ್ಞಾನದ್ದು. ಈ ಲೇಖನ ಹೆಚ್ಚಾಗಿ ಆ ಮಕ್ಕಳಿಗಾಗಿ.

ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿವರೆಗೆ ನಲಿ-ಕಲಿಯ ಗುಂಪುಗಳಲ್ಲಿ ಕೂತು ಕಲಿತ ಮಕ್ಕಳು ನಾಲ್ಕನೆಯದಕ್ಕೆ ಬಂದಾಗ ಒಮ್ಮೆಲೇ ಉದ್ದುದ್ದ ಪಾಠ ಎದುರಾಗುತ್ತವೆ. ಈ ಪರೀಕ್ಷೆಯನ್ನು ಆ ವರ್ಷದ ಜೂನ್‌ನಲ್ಲಿ ಮಾಡಿದರೆ ಒಳ್ಳೆಯದು. ಮಾರ್ಚಿನಲ್ಲಿ ಗೊತ್ತಾದರೆ ಕೈಯಲ್ಲಿ ಸಮಯ ಇರುವುದಿಲ್ಲ.

ಎರಡನೆಯ ಹೆಜ್ಜೆ: ಬಾಯಿಬಿಟ್ಟು ಎಲ್ಲ ಹೇಳದ ಕಥೆ ಹುಡುಕಿ

ಗ್ರಹಿಕೆ ಬೆಳೆಸಲು ಎಲ್ಲ ಕಥೆಯೂ ಆಗಿಬರುವುದಿಲ್ಲ. ಕೊನೆಗೆ "ನೀತಿ:" ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ ಕಥೆಗಳು ನನ್ನ ಮಟ್ಟಿಗೆ ಈ ಕೆಲಸಕ್ಕೆ ದಂಡ. ಮಕ್ಕಳು ಚಾಲಾಕಿಗಳು. ನಡುವಿನದೆಲ್ಲ ಹಾರಿಸಿ ಆ ಒಂದು ಸಾಲು ನೆನಪಿಟ್ಟುಕೊಂಡು ಒಪ್ಪಿಸಿಬಿಡುತ್ತಾರೆ. ನೀತಿಯ ಸಾಲಿಗೆ ಕಾಗದ ಅಂಟಿಸಿ ಕೊಟ್ಟರೆ ಅದೇ ಕಥೆ ಎಷ್ಟೋ ಪಾಲು ಉಪಯೋಗಕ್ಕೆ ಬರುತ್ತದೆ.

ಏನಾದರೊಂದನ್ನು ಹೇಳದೆ ಬಿಟ್ಟ ಕಥೆ ಬೇಕು. ಮೇಲಿನ ಕಥೆಯಲ್ಲಿ ಆಯಿ ಬಡವಿ ಎಂದಿಲ್ಲ, ಕಂಡಕ್ಟರ್ ಒಳ್ಳೆಯವನು ಎಂದಿಲ್ಲ, ಆಕೆ ಬಸ್ಸು ಹತ್ತಿದಳು ಎಂದು ಕೂಡ ಇಲ್ಲ. ಅದೆಲ್ಲ ಓದುವವರು ತುಂಬಿಕೊಳ್ಳಬೇಕಾದ ಜಾಗ. ಉದ್ದವೂ ಮುಖ್ಯ, ಒಂದೇ ಕೂತಿನಲ್ಲಿ ಮುಗಿಯಬೇಕು. ಕಷ್ಟದ ಅಳತೆಗೆ ಕೈಬೆರಳು ಸಾಕು: ಒಂದು ಪುಟ ಓದುವಾಗ ಗೊತ್ತಿಲ್ಲದ ಪದ ಬಂದಾಗೊಮ್ಮೆ ಮಗು ಒಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕವನ್ನು ಸದ್ಯಕ್ಕೆ ನೀವೇ ಓದಿ ಹೇಳಿ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯತಿ ಗ್ರಂಥಾಲಯದಲ್ಲಿ, ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಮೊಬೈಲ್‌ನಲ್ಲಿ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ಇವೆರಡಕ್ಕೂ ಮೊದಲು ಮನೆಯ ಆಯಿಯನ್ನು ಕೇಳಿ. ಆಕೆ ಹೇಳಿದ ಕಥೆಯನ್ನು ಹೇಳಿದ ಹಾಗೆಯೇ, ಅದೇ ಮಾತಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿದರೆ ಮಗುವಿಗೆ ಅದಕ್ಕಿಂತ ಒಳ್ಳೆಯ ಮೊದಲ ಪುಸ್ತಕ ಇಲ್ಲ. ಕೇಳಿ ಗೊತ್ತಿದ್ದ ಮಾತು ಅಕ್ಷರವಾಗಿ ಕಾಣುವಾಗ ಅಪರಿಚಿತ ಪದಗಳ ಗೋಜೇ ಇರುವುದಿಲ್ಲ.

ಮೂರನೆಯ ಹೆಜ್ಜೆ: ಓದುವ ಮುಂಚೆ ಐದು ನಿಮಿಷ

ಅಮೆರಿಕದಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆ ಓದಲು ಕೊಟ್ಟು, ಅಲ್ಲಿ ನಡೆದದ್ದನ್ನು ಮತ್ತೆ ಹೇಳಲು ಕೇಳಿದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟದ ಗಂಧವಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಹೇಳಿದರು. ನಮ್ಮಲ್ಲಿ ಕುಸ್ತಿಕಣದ ಕಥೆ ಕೊಟ್ಟು ನೋಡಿದರೂ ಇದೇ ಕಾಣುತ್ತದೆ. ಗರಡಿ ಕಂಡ ಹುಡುಗ "ದಡ್ಡ" ಎನ್ನಿಸಿಕೊಂಡವನಾದರೂ ಅಂದು ಎಲ್ಲರಿಗೂ ಮಾಸ್ತರನಾಗುತ್ತಾನೆ.

ನಮ್ಮ ಕಥೆಗೆ ಬೇಕಾದ ತಿಳಿವಳಿಕೆ ಒಂದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ, ಸಾಮಾನಿಗೆ ಮಾತ್ರ ಬೇರೆ ಲೆಕ್ಕ. ಇದು ಗೊತ್ತಿಲ್ಲದ ಮಗುವಿಗೆ ಕಂಡಕ್ಟರನ ಮಾತು ಒಗಟು. ಹಾಗಾಗಿ ಓದುವ ಮುಂಚೆ "ನಿಮ್ಮವ್ವ ಸಂತಿಗಿ ಹೋಗುವಾಗ ಬಸ್ಸಿನಾಗ ಏನೇನು ನಡೀತದ?" ಎಂದು ಕೇಳಿ ಬಿಡಿ. ಮಕ್ಕಳೇ ಎಲ್ಲ ಹೇಳುತ್ತಾರೆ.

ಪದದ ಅರ್ಥ ಮೊದಲೇ ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆಯುವ ರೂಢಿ ಬಿಡಿ. ಕಥೆಯ ಬೀಗ ತೆಗೆಯುವ ಎರಡು ಮೂರು ಪದ ಮಾತ್ರ ಮೊದಲೇ ಹೇಳಿ, ಉಳಿದದ್ದನ್ನು ಓದುವಾಗ ಸಂದರ್ಭದಿಂದ ಊಹಿಸಲು ಬಿಡಿ. ಊಹೆ ತಪ್ಪಿದರೂ ನಷ್ಟವಿಲ್ಲ.

ಒಂದೇ ವಿಷಯದ ಸುತ್ತ ವಾರವಿಡೀ ಓದಿಸುವುದು ಇನ್ನೂ ಬಲವಾದ ಉಪಾಯ. ನೀರು ಎಂದಿಟ್ಟುಕೊಳ್ಳಿ. ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರಿನ ಭಾಗ ಮುಳುಗಿ ನವನಗರ ಕಟ್ಟಿದ್ದು ಹಿರಿಯರ ಬಾಯಲ್ಲಿ ಇನ್ನೂ ಇದೆ. ಸೋಮವಾರ ಮುಳುಗಡೆ ಕಂಡವರ ಮಾತು ಕೇಳಿಸಿ, ಮಂಗಳವಾರ ಬಾವಿಯ ಕಥೆ, ಮುಂದೆ ವಿಜಯಪುರದ ಹಳೆಯ ದೊಡ್ಡ ಬಾವಿ ತಾಜ್ ಬಾವಡಿಯ ಬಗ್ಗೆ ಒಂದು ಪುಟ, ವಾರದ ಕೊನೆಗೆ ಮುಳುಗಿದ ಊರಿನ ಕಥೆ. ಜಲಾಶಯ, ಹಿನ್ನೀರು, ಪುನರ್ವಸತಿ ಎಂಬ ಪದಗಳು ಶುಕ್ರವಾರದ ಹೊತ್ತಿಗೆ ತಾವಾಗಿಯೇ ಬಾಯಿಗೆ ಬಂದಿರುತ್ತವೆ. ಸೋಮವಾರ ನರಿ, ಮಂಗಳವಾರ ರಾಕೆಟ್, ಬುಧವಾರ ರಾಜಕುಮಾರಿ ಎಂದು ಹಾರಿದರೆ ಈ ಲಾಭ ಸಿಗದು.

ನಾಲ್ಕನೆಯ ಹೆಜ್ಜೆ: ಓದುವಾಗ ನಿಲ್ಲಿ, ಆದರೆ ಅತಿಯಾಗಿ ಬೇಡ

ನಮ್ಮ ಕಡೆ ಕಥೆ ಹೇಳುವ ಆಯಂದಿರು ಕೇಳುವವರು "ಹೂಂ" ಅನ್ನಬೇಕೆಂದು ಮೊದಲೇ ಕರಾರು ಹಾಕುತ್ತಾರೆ. ಹೂಂಗುಡುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಕೇಳುಗನ ಮನಸ್ಸು ಎಲ್ಲಿದೆ ಎಂದು ನೋಡುವ ಈ ಪದ್ಧತಿಯನ್ನು ಓದಿಗೂ ತರಬಹುದು, "ಹೂಂ" ಬದಲು ಒಂದು ಪುಟ್ಟ ಪ್ರಶ್ನೆ.

ಎಲ್ಲಿ ನಿಲ್ಲಬೇಕು ಎಂಬುದನ್ನು ನೀವು ಮೊದಲೇ ಕಥೆ ಓದಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ನಮ್ಮ ಕಥೆಯಲ್ಲಿ ಎರಡೇ ಜಾಗ. "ಮತ್ತೆ ಗಂಟು ಹಾಕಿದಳು" ಎಂಬಲ್ಲಿ ಒಮ್ಮೆ: "ಈಗ ಆಯಿ ಏನು ಮಾಡ್ತಾಳ?" "ಹುಣಸೆಮರದ ತಿರುವಿನಲ್ಲಿ ನಿಂತಿತು" ಎಂಬಲ್ಲಿ ಇನ್ನೊಮ್ಮೆ: "ಬಸ್ಸು ಯಾಕ ನಿಂತಿರಬೇಕು?" ಮಕ್ಕಳು ಪಂಕ್ಚರ್ ಎನ್ನಬಹುದು, ದನ ಅಡ್ಡ ಬಂದವು ಎನ್ನಬಹುದು. ಯಾವುದನ್ನೂ ತಳ್ಳಿಹಾಕದೆ, ಸರಿ ಎಂದೂ ಹೇಳದೆ ಮುಂದೆ ಓದಿ. ತನ್ನ ಊಹೆ ನಿಂತಿತೋ ಬಿತ್ತೋ ಎಂದು ತಿಳಿಯುವ ಹಟವೇ ಮಗುವನ್ನು ಮುಂದಿನ ಸಾಲಿಗೆ ಎಳೆಯುತ್ತದೆ. ಸಾಲುಸಾಲಿಗೂ ನಿಲ್ಲಿಸಿ ಪ್ರಶ್ನೆ ಕೇಳುವವರು ಕಥೆಯ ಕತ್ತು ಹಿಸುಕುತ್ತಾರೆ.

ಒಮ್ಮೊಮ್ಮೆ ನಿಮ್ಮ ಯೋಚನೆಯನ್ನೇ ಗಟ್ಟಿಯಾಗಿ ಆಡಿ ತೋರಿಸಿ. "ಎಣಿಸಿದಳು ಅಂತ ಬರದಾರ, ಏನು ಎಣಿಸಿದಳು ಅಂತ ಬರದಿಲ್ಲ. ಸೆರಗಿನ ಗಂಟು ಬಿಚ್ಯಾಳಂದ್ರ... ತಡಿ, ಹಿಂದಿನ ಸಾಲು ಮತ್ತೊಮ್ಮೆ ಓದ್ತೀನಿ." ತಿಳಿಯದಿದ್ದಾಗ ಹಿಂದೆ ಹೋಗಿ ಓದುವುದು ಜಾಣರ ಕೆಲಸ ಎಂದು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಬಹಳ ಮಕ್ಕಳು ಅದನ್ನು ಸೋಲೆಂದೇ ತಿಳಿದಿರುತ್ತಾರೆ.

ಐದನೆಯ ಹೆಜ್ಜೆ: ಕನ್ನಡ ವಾಕ್ಯದ ಗಂಟು ಬಿಡಿಸಿ

ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. ಬೇರೆ ಭಾಷೆಯಲ್ಲಿ ಬರೆದ ಓದಿನ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ, ನಮ್ಮ ಮಕ್ಕಳು ಮುಗ್ಗರಿಸುವುದು ಮಾತ್ರ ಹೆಚ್ಚಾಗಿ ಇಲ್ಲಿಯೇ.

ಕನ್ನಡದಲ್ಲಿ ಕರ್ತೃವನ್ನು ಬಿಟ್ಟುಬಿಡುವುದು ಸಹಜ. "ಎಣಿಸಿದಳು" ಎಂದರೆ ಆಯಿ ಎಂದು ದೊಡ್ಡವರಿಗೆ ತಾನೇ ಹೊಳೆಯುತ್ತದೆ. ಮಗುವಿಗೆ ಹೊಳೆದಿದೆಯೇ? ಕಥೆ ಓದಿದ ಮೇಲೆ ಪ್ರತಿ ಕ್ರಿಯಾಪದದ ಮೇಲೆ ಬೆರಳಿಟ್ಟು "ಯಾರು?" ಎಂದು ಕೇಳುವ ಆಟ ಆಡಿ. ಆಮೇಲೆ "ಏನನ್ನ?" ಎಂದು ಕೇಳಿ. ಏನು ಎಣಿಸಿದಳು ಎಂದರೆ ಕೆಲವರು "ನಿಂಬಿಹಣ್ಣು" ಅನ್ನುತ್ತಾರೆ, ಅದು ಹತ್ತಿರದಲ್ಲಿ ಕಂಡ ಎಣಿಸುವ ವಸ್ತು. ಆ ಉತ್ತರವನ್ನು ಬೈಯಬೇಡಿ. "ಹಣ್ಣು ಸೆರಗಿನ ಗಂಟಿನಾಗ ಇದ್ದುವೇನು?" ಎಂದು ಕೇಳಿದರೆ ಸಾಕು, ಮುಖ ಅರಳುತ್ತದೆ.

ಎರಡನೆಯದು ಉದ್ದನೆಯ ವಾಕ್ಯ. ಪಾಠಪುಸ್ತಕಗಳಲ್ಲಿ ಈ ಬಗೆಯ ವಾಕ್ಯಗಳು ಬರುತ್ತವೆ: "ಬುಟ್ಟಿ ಹೊತ್ತುಕೊಂಡು ಬಸ್ಸಿಗಾಗಿ ಕಾಯುತ್ತಿದ್ದ ಆಯಿಯನ್ನು ಕಂಡ ಕಂಡಕ್ಟರ್ ಡ್ರೈವರನಿಗೆ ಗಾಡಿ ನಿಲ್ಲಿಸಲು ಹೇಳಿದ." ಯಾರು ಕಂಡರು, ಯಾರು ಕಾದರು, ಯಾರು ನಿಲ್ಲಿಸಬೇಕು ಎಂಬುದು ಕೊನೆಯ ಪದ ಬರುವವರೆಗೆ ತಲೆಯಲ್ಲಿ ತೂಗಾಡುತ್ತಿರುತ್ತದೆ. ಇದನ್ನು ಚೀಟಿಗಳಲ್ಲಿ ಬಿಡಿಸಿ ಬರೆಸಿ. ಆಯಿ ಬುಟ್ಟಿ ಹೊತ್ತಿದ್ದಳು. ಆಯಿ ಬಸ್ಸಿಗೆ ಕಾಯುತ್ತಿದ್ದಳು. ಕಂಡಕ್ಟರ್ ಆಯಿಯನ್ನು ಕಂಡ. ಕಂಡಕ್ಟರ್ ಡ್ರೈವರನಿಗೆ ಹೇಳಿದ. ಡ್ರೈವರ್ ಗಾಡಿ ನಿಲ್ಲಿಸಬೇಕು. ಮರುದಿನ ಅದೇ ಚೀಟಿಗಳನ್ನು ಕೊಟ್ಟು ಒಂದೇ ವಾಕ್ಯವಾಗಿ ಹೆಣೆಯಲು ಹೇಳಿ. ಬಿಡಿಸುವುದಕ್ಕಿಂತ ಹೆಣೆಯುವುದು ಕಷ್ಟ, ಲಾಭವೂ ಅದರಲ್ಲೇ ಹೆಚ್ಚು. ಐದನೇ ತರಗತಿ ದಾಟಿದ ಮಕ್ಕಳಿಗೆ ವಾರಕ್ಕೆ ಎರಡು ವಾಕ್ಯ ಸಾಕು.

"ತಾನು" ಎಂಬುದೂ ಕಾಡುತ್ತದೆ. "ಡ್ರೈವರ್ ಕಂಡಕ್ಟರನಿಗೆ ತಾನೇ ರೊಕ್ಕ ಕೊಡುವುದಾಗಿ ಹೇಳಿದ." ಕೊಡುವವನು ಯಾರು? ಇಬ್ಬರು ಮಕ್ಕಳನ್ನು ನಿಲ್ಲಿಸಿ ನಾಟಕ ಮಾಡಿಸಿದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಎರಡು ನಿಷೇಧ ಸೇರಿದ ವಾಕ್ಯವನ್ನೂ ಹೀಗೇ ಪರೀಕ್ಷಿಸಿ. "ಆಯಿ ಹಣ್ಣು ಕೊಡದೆ ಬಿಡಲಿಲ್ಲ" ಎಂದರೆ ಕೊಟ್ಟಳೋ ಇಲ್ಲವೋ? ಆರನೇ ತರಗತಿಯಲ್ಲೂ "ಕೊಡಲಿಲ್ಲ" ಎನ್ನುವವರು ಸಿಗುತ್ತಾರೆ.

ಕೊನೆಯದು ಆದರೂ, ಆದ್ದರಿಂದ, ಅಷ್ಟರಲ್ಲಿ, ಒಂದು ವೇಳೆ ಎಂಬ ಕೊಂಡಿ ಪದಗಳು. ಮಕ್ಕಳು ಇವುಗಳ ಮೇಲೆ ಕಣ್ಣಾಡಿಸಿ ಹೋಗುತ್ತಾರೆ. "ಆಯಿಯ ಹತ್ತಿರ ರೊಕ್ಕ ಸಾಲಲಿಲ್ಲ, ಆದ್ದರಿಂದ..." ಎಂದು ನೀವು ಶುರುಮಾಡಿ, ಮಗು ಮುಗಿಸಲಿ. ಆಮೇಲೆ "ಆದ್ದರಿಂದ" ತೆಗೆದು "ಆದರೂ" ಇಡಿ. ವಾಕ್ಯದ ಬಾಲ ಪೂರ್ತಿ ತಿರುಗುವುದನ್ನು ಕಂಡು ಮಕ್ಕಳು ನಗುತ್ತಾರೆ. ಬರೆಸಬೇಕಾಗಿಲ್ಲ, ರೊಟ್ಟಿ ತಟ್ಟುತ್ತ ಆಡಬಹುದಾದ ಆಟ ಇದು.

ಆರನೆಯ ಹೆಜ್ಜೆ: ಪ್ರಶ್ನೆ ಬದಲಿಸಿ

ಈ ವಾಕ್ಯ ಓದಿ: "ಗಿಮ್ಮಳವು ಡೋರೆಯಲ್ಲಿ ಒಂದು ಪಿಂಚುಕವನ್ನು ಝರಪಿಸಿತು." ಇದಕ್ಕೆ ಅರ್ಥವೇ ಇಲ್ಲ, ಸುಮ್ಮನೆ ಕಟ್ಟಿದ್ದು. ಈಗ ಉತ್ತರಿಸಿ: ಗಿಮ್ಮಳವು ಏನನ್ನು ಝರಪಿಸಿತು? ಎಲ್ಲಿ ಝರಪಿಸಿತು? ಪಿಂಚುಕವನ್ನು, ಡೋರೆಯಲ್ಲಿ. ಎರಡಕ್ಕೂ ಪೂರ್ತಿ ಅಂಕ. ವಿಭಕ್ತಿ ಪ್ರತ್ಯಯ ಗೊತ್ತಿದ್ದರೆ ಸಾಕು, ಏನೂ ತಿಳಿಯದೆ ಉತ್ತರ ಬರೆಯಬಹುದು. ನಮ್ಮ ಪ್ರಶ್ನೋತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಜಾತಿಯವು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮಗುವಿನ ನೋಟ್‌ಬುಕ್ ತೆರೆದು ನೀವೇ ಎಣಿಸಿ ನೋಡಿ.

"ಆಯಿ ಎಲ್ಲಿಗೆ ಹೊರಟಳು?" ಎಂಬ ಪ್ರಶ್ನೆ ತಪ್ಪಲ್ಲ, ಅಂಜುವ ಮಗುವಿನ ಬಾಯಿ ತೆರೆಸಲು ಅದೇ ಬೇಕು. ಅಲ್ಲಿಯೇ ನಿಲ್ಲಬಾರದು. ಅದರ ಮೇಲೆ ಎರಡು ಸಾಲು ಜೋಡಿಸಿ ಉತ್ತರ ಹುಡುಕಬೇಕಾದ ಪ್ರಶ್ನೆ ಬರಲಿ: ಆಯಿ ಗಂಟನ್ನು ಮತ್ತೆ ಯಾಕೆ ಕಟ್ಟಿದಳು? ಕಾಲು ಗಟ್ಟಿ ಇವೆ ಎಂದು ಹೇಳಿದ್ದು ನಿಜಕ್ಕೂ ಕಾಲಿನ ವಿಷಯಕ್ಕೋ? ಆಮೇಲೆ ಮಗು ತನ್ನ ಕಡೆಯಿಂದ ನಿಲುವು ತೆಗೆದುಕೊಳ್ಳಬೇಕಾದ ಪ್ರಶ್ನೆ. ಒಂದು ತರಗತಿಯಲ್ಲಿ ಆ ಮಾತು ಹೆಚ್ಚುಕಡಿಮೆ ಹೀಗೆ ಸಾಗಬಹುದು:

"ಚೀಲದಾಗ ನಿಂಬಿಹಣ್ಣು ಹೆಂಗ ಬಂದ್ವು?"

"ಕಂಡಕ್ಟರ್ ಕದ್ದಾನ್ರಿ ಸರ."

"ಇಲ್ರಿ, ಆಯಿನ ಕೊಟ್ಟಾಳ್ರಿ."

"ಕೊಟ್ಟಾಳಂತ ಎಲ್ಲಿ ಬರದಾರ? ತೋರಸು ತಂಗಿ."

"ಬರದಿಲ್ರಿ. ಆದ್ರ ಬಸ್ಸು ತಿರುವಿನಾಗ ನಿಂತತ್ರಿ, ಬಾಗಲಾ ತಗದತ್ರಿ. ಅಂದ್ರ ಆಯಿ ಹತ್ತ್ಯಾಳ್ರಿ. ರೊಕ್ಕ ಇರಲಿಲ್ಲಲ್ರಿ, ಅದಕ್ಕ ಹಣ್ಣು ಕೊಟ್ಟಾಳ್ರಿ."

"ಹಂಗಾದ್ರ ಬುಟ್ಟಿ ಟಿಕೆಟ್ಟಿನ ರೊಕ್ಕ ಯಾರು ಕೊಟ್ರು?"

ಕೊನೆಯ ಪ್ರಶ್ನೆಗೆ ಕಥೆಯಲ್ಲಿ ಉತ್ತರವಿಲ್ಲ. ಕಂಡಕ್ಟರ್ ಕೈಯಿಂದ ಹಾಕಿದನೇ, ಟಿಕೆಟ್ಟೇ ಕೊಡಲಿಲ್ಲವೇ, ಕೊಡದಿದ್ದರೆ ಅದು ಸರಿಯೇ? ಮಕ್ಕಳು ಜಗಳಕ್ಕೇ ಬೀಳುತ್ತಾರೆ, ಬೀಳಲಿ. ಶಿಸ್ತು ಒಂದೇ: ಏನು ಹೇಳಿದರೂ "ಹೆಂಗ ಗೊತ್ತಾತು?" ಎಂಬುದಕ್ಕೆ ಕಥೆಯ ಒಂದು ಸಾಲಿನ ಮೇಲೆ ಬೆರಳಿಡಬೇಕು. ಕದ್ದ ಎಂದ ಹುಡುಗನೂ ಸಾಲು ಹುಡುಕಲಿ. ಸಿಗದಿದ್ದಾಗ ತಾನೇ ಮಾತು ಬದಲಿಸುತ್ತಾನೆ, ನೀವು ತಪ್ಪು ಎನ್ನುವ ಅಗತ್ಯವೇ ಬೀಳುವುದಿಲ್ಲ.

ಈ ಬಗೆಯ ಊಹೆಗೆ ಒಗಟು ಒಳ್ಳೆಯ ತಾಲೀಮು. "ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ" ಎಂದರೆ ಮಗು "ತತ್ತಿ" ಎಂದು ಕೂಗುತ್ತದೆ. ಅಷ್ಟಕ್ಕೇ ಶಹಬ್ಬಾಸ್ ಎನ್ನದೆ ಸುಣ್ಣ ಯಾವುದು, ಬಾಗಿಲು ಯಾಕಿಲ್ಲ ಎಂದು ಬಿಡಿಸಿ ಹೇಳಿಸಿ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ದೊಡ್ಡವರಿಗೆ ಬಹಳ ಕಷ್ಟ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಏಳನೆಯ ಹೆಜ್ಜೆ: ಮರಳಿ ಹೇಳಲಿ, ತನ್ನ ಮಾತಿನಲ್ಲಿ

ಕಥೆ ಮುಗಿದ ಮೇಲೆ ಪುಸ್ತಕ ಮುಚ್ಚಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ಮಗು ಅದನ್ನು ಹೇಳಲಿ. ಕಥೆ ಗೊತ್ತಿರುವ ಶಿಕ್ಷಕರಿಗೇ ಒಪ್ಪಿಸುವುದಾದರೆ ಅದು ಪರೀಕ್ಷೆಯಾಗುತ್ತದೆ, ತಂಗಿಗೋ ಕಾಕಾನಿಗೋ ಹೇಳಿದರೆ ನಿಜವಾದ ಮಾತಾಗುತ್ತದೆ. ಆಯಿ "ನಡಕೋಂತ ಹೊಂಟಳು" ಎಂದರೆ "ನಡೆದುಕೊಂಡು ಹೊರಟಳು ಅನ್ನು" ಎಂದು ತಿದ್ದಬೇಡಿ. ಆ ಕ್ಷಣ ಮಗುವಿನ ತಲೆಯಲ್ಲಿ ಕಥೆ ಓಡುತ್ತಿದೆ, ಭಾಷೆ ತಿದ್ದಿದರೆ ಕಥೆ ಬೀಳುತ್ತದೆ. ಮರಾಠಿ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಮೊದಲು ಅದರಲ್ಲೇ ಹೇಳಲಿ. ನಿಮಗೆ ಆ ಭಾಷೆ ಬಾರದಿದ್ದರೆ ಪಕ್ಕದ ಗೆಳೆಯ ಕನ್ನಡದಲ್ಲಿ ತಿಳಿಸಲಿ, ಇಬ್ಬರಿಗೂ ಅಭ್ಯಾಸ. ಪುಸ್ತಕದ ಕನ್ನಡದಲ್ಲಿ ಬರೆಯುವುದು ಮರುದಿನದ ಕೆಲಸ, ಅದೂ ಮೂರು ನಾಲ್ಕು ಸಾಲು.

ಮೊದಮೊದಲು ಮಕ್ಕಳು "ಒಬ್ಬಾಕಿ ಆಯಿ ಇದ್ದಳು, ಬಸ್ಸು ಬಂತು, ಮುಗೀತು" ಎಂದು ಮುಗಿಸುತ್ತಾರೆ. ಆಗ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ನಾಲ್ಕು ಮನೆ ಬರೆದು ಒಂದೊಂದರಲ್ಲಿ ನಿಂತು ಹೇಳಿಸಿ: ಯಾರು, ಏನು ಬೇಕಿತ್ತು, ಏನು ಅಡ್ಡ ಬಂತು, ಕೊನೆಗೆ ಏನಾಯಿತು. ಕೆಲವು ಸಲ ಆದ ಮೇಲೆ ಈ ಮನೆಗಳು ಬೇಕಾಗುವುದಿಲ್ಲ. ಮೊಬೈಲ್‌ನಲ್ಲಿ ಮಗುವಿನ ಧ್ವನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎರಡು ತಿಂಗಳ ನಂತರದ್ದನ್ನು ಮೊದಲಿನದರ ಪಕ್ಕ ಕೇಳಿಸಿದರೆ ಬೆಳವಣಿಗೆ ಮಗುವಿಗೇ ಗೊತ್ತಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ದುಡಿಯಲು ಹೊರಗೂರಿಗೆ ಹೋಗುವ ಮನೆಗಳ ಮಕ್ಕಳಿಗೂ ಶಿಕ್ಷಕರು ವಾಟ್ಸಾಪಿನಲ್ಲಿ ಕಥೆ ಕಳಿಸಿ, ಮರಳಿ ಧ್ವನಿಯಲ್ಲೇ ಕಥೆ ತರಿಸಿಕೊಳ್ಳಬಹುದು.

ಎಂಟನೆಯ ಹೆಜ್ಜೆ: ದೊಡ್ಡ ಮಕ್ಕಳಿಗೆ ಮಾಸ್ತರಿಕೆ ಕೊಡಿ

ಐದರಿಂದ ಏಳನೇ ತರಗತಿಯವರಿಗೆ ಆನ್‌ಮೇರಿ ಪ್ಯಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ವಿವರಿಸಿದ ಪದ್ಧತಿ ಚೆನ್ನಾಗಿ ಹೊಂದುತ್ತದೆ. ಗುಂಪಿನಲ್ಲಿ ಸರದಿಯಂತೆ ಒಬ್ಬೊಬ್ಬರು ಶಿಕ್ಷಕರಾಗುತ್ತಾರೆ. ಒಂದು ಭಾಗ ಓದಿದ ಮೇಲೆ ಅದರ ಸಾರ ಹೇಳಬೇಕು, ಒಂದು ಪ್ರಶ್ನೆ ಕೇಳಬೇಕು, ತಿಳಿಯದ್ದನ್ನು ಬಿಡಿಸಬೇಕು, ಮುಂದೇನಾಗಬಹುದೆಂದು ಊಹಿಸಬೇಕು. ಮೊದಲ ಕೆಲವು ಸಲ ನೀವೇ ಮಾಡಿ ತೋರಿಸಿ, ಆಮೇಲೆ ಹಿಂದೆ ಸರಿದು ಕೂತುಕೊಳ್ಳಿ. ಪ್ರಶ್ನೆ ಕೇಳಲು ಕಲಿತ ಮಗು ಗಿಮ್ಮಳದ ಜಾತಿಯ ಪ್ರಶ್ನೆಯನ್ನು ತಾನೇ ಗುರುತಿಸಿ "ಇದು ಹಗೂರ ಐತ್ರಿ, ಬ್ಯಾರೆ ಕೇಳ್ತೀನಿ" ಎನ್ನತೊಡಗುತ್ತದೆ. ಇಷ್ಟು ಬಂದರೆ ಪರೀಕ್ಷೆಯ ಅಪಠಿತ ಗದ್ಯಕ್ಕೆ ಬೇರೆ ತಯಾರಿ ಬೇಡ.

ಎಷ್ಟು ಹೊತ್ತು, ಎಷ್ಟು ದಿನ

ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ. ಎಲ್ಲ ಹೆಜ್ಜೆಯನ್ನೂ ಒಂದೇ ದಿನ ತುರುಕಬೇಡಿ. ಒಂದು ಕಥೆಗೆ ಒಂದು ವಾರ ಕೊಟ್ಟರೂ ಹೆಚ್ಚಲ್ಲ. ಅದರ ಹೊರತಾಗಿ ಯಾರೂ ಪ್ರಶ್ನೆ ಕೇಳದ ಓದೂ ಇರಲಿ, ಸುಮ್ಮನೆ ಖುಷಿಗೆ.

ಅವ್ವನಿಗೆ ಓದು ಬಾರದಿದ್ದರೆ

ನಮ್ಮ ಕಡೆ ಇದು ಸಾಮಾನ್ಯ, ಎಷ್ಟೋ ತಾಯಂದಿರು ನಾಚಿಕೊಂಡು ಮಗುವಿನ ಓದಿನಿಂದ ದೂರ ಸರಿಯುತ್ತಾರೆ. ನಿಜವಾಗಿ ಅವರ ಜಾಗ ಗಟ್ಟಿಯಾದದ್ದು. ಓದು ಬರುವ ಅಪ್ಪ ಪುಸ್ತಕ ಇಣುಕಿ ನೋಡಿ ತಪ್ಪು ಹಿಡಿಯುತ್ತಾನೆ. ಅವ್ವನಿಗೆ ಕಥೆ ಗೊತ್ತಾಗಬೇಕಾದರೆ ಮಗು ಹೇಳಲೇಬೇಕು. ಹೊಲದಿಂದ ಬಂದು ಒಲೆಯ ಮುಂದೆ ಕೂತಾಗ ಮಗು ಪಕ್ಕದಲ್ಲಿ ಓದಲಿ, ಅವ್ವ ಕೇಳಬೇಕಾದದ್ದು ನಾಲ್ಕೇ ಮಾತು: "ಆಮ್ಯಾಲೆ ಏನಾತು?", "ಯಾಕ ಹಂಗ ಮಾಡಿದಳು?", "ನನಗ ತಿಳೀಲಿಲ್ಲ, ಇನ್ನೊಮ್ಮೆ ಹೇಳು", "ನೀನಾ ಇದ್ದಿದ್ರ ಏನು ಮಾಡ್ತಿದ್ದಿ?" ಮೂರನೆಯದು ಎಲ್ಲಕ್ಕಿಂತ ಪರಿಣಾಮಕಾರಿ. ಅವ್ವನಿಗೆ ತಿಳಿಸಲು ಮಗು ತಾನಾಗಿಯೇ ಪುಟ ಹಿಂದೆ ತಿರುವುತ್ತದೆ.

ಕೆಲವು ತಿಂಗಳು ಹೀಗೆ ಮಾಡಿದರೂ ಮಗು ಕದಲದಿದ್ದರೆ, ಸಾಲು ತಪ್ಪಿ ಓದುತ್ತಿದ್ದರೆ, ಪುಸ್ತಕ ಮೂಗಿಗೆ ಹತ್ತಿರ ಹಿಡಿಯುತ್ತಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ ಮೊದಲು ಕಣ್ಣು ಕಿವಿ ತೋರಿಸಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಶಿಕ್ಷಕರ ಮೂಲಕ ಹೇಳಿಸಬಹುದು, ಜಿಲ್ಲಾಸ್ಪತ್ರೆಯಲ್ಲೂ ತಪಾಸಣೆ ಮಾಡುತ್ತಾರೆ. ಕಣ್ಣು ಕಿವಿ ಸರಿಯಿದ್ದು, ಮಾತಿನಲ್ಲಿ ಚುರುಕಾಗಿದ್ದೂ ಅಕ್ಷರಗಳು ಮಾತ್ರ ವರ್ಷಗಟ್ಟಲೆ ಹತ್ತದಿದ್ದರೆ ಅದು ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರಬಹುದು. ಆ ಮಗುವಿಗೆ ಬೇಕಾದ ಕಲಿಸುವ ಕ್ರಮವೇ ಬೇರೆ, ತಜ್ಞರಿಗೆ ತೋರಿಸುವುದನ್ನು ಮುಂದೂಡಬೇಡಿ. ಅಲ್ಲಿಯವರೆಗೂ ಕಥೆ ಓದಿ ಹೇಳುವುದನ್ನು ಮಾತ್ರ ನಿಲ್ಲಿಸಬೇಡಿ.